ಷರಾ

ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ
ರಾತ್ರಿ ಪಾಳಿಯ ರೈಟರ್ ನಾನು.
ರೈಟರ್ ಅಂದರೆ ಅಂಥದ್ದೇನಲ್ಲ,
ಬೋಟಿನ ಹೆಸರು, ಎಷ್ಟು ಬ್ಲಾಕು, ಎಷ್ಟು ಬಾಕಿ,
ಕೊನೆಯ ಕಾಲಮ್ಮು ಷರಾ.
ಹನ್ನೊಂದು ವರ್ಷದಲ್ಲಿ ಅಲ್ಲಿ ನಾನು ಬರೆದದ್ದು
‘ಕರೆಂಟು ಹೋಗಿತ್ತು’,
ಅದೂ ನಾಲ್ಕೋ ಐದೋ ಸಲ.

ಹೋದ ಸೆಪ್ಟೆಂಬರಿನ ಒಂದು ನಸುಕಿನಲ್ಲಿ
ಸನಾತನ ಕ್ಯಾನು ಮಗುಚಿದಾಗ
ಜಾರಿ ಬಂದ ಗಡ್ಡೆಯೊಳಗೆ
ಒಂದು ಏರೋಪ್ಲೇನ್ ಚಿಟ್ಟೆ.
ಗಡ್ಡೆಯ ನಡು ಯಾವಾಗಲೂ ಬಿಳಿ, ಅಂಚು ಗಾಜು;
ಇದು ಅಂಚಿನಲ್ಲಿತ್ತು,
ನಾಲ್ಕೂ ರೆಕ್ಕೆ ಬಿಚ್ಚಿ, ಬಾಲ ತುಸು ಬಗ್ಗಿಸಿ,
ಎಲ್ಲಿಗೋ ಹೊರಟು
ಯಾಕೆ ಹೊರಟೆನೆಂದು ಮರೆತು ನಿಂತ ಹಾಗೆ.

ಟ್ಯೂಬ್‌ಲೈಟಿನ ಕೆಳಗೆ ಕುಕ್ಕುರುಗಾಲಲ್ಲಿ ಕೂತೆವು ಇಬ್ಬರೂ.
ಒಡಿಶಾದ ಹುಡುಗ, ಅವನ ಭಾಷೆಯಲ್ಲಿ ಅದರ ಹೆಸರು ಹೇಳಿದ.
ಕೇಳಿಸಿಕೊಂಡೆ. ಉಳಿಸಿಕೊಳ್ಳಲಿಲ್ಲ.
ದಕ್ಕೆಯಿಂದ ಕೂಗು:
‘ಎಂತ ಮಾರಾಯ್ರೆ, ಐಸಾ, ನಿದ್ರೆಯಾ?’
ಗಡ್ಡೆ ಕ್ರಷರಿಗೆ ಹೋಯಿತು.
ಪುಸ್ತಕದಲ್ಲಿ ಬರೆದೆ, ಬ್ಲಾಕು ನಲವತ್ತು.
ಷರಾ ಖಾಲಿ.

ಬೆಳಿಗ್ಗೆ ಹುಸೇನಬ್ಬನ ಚಾದಂಗಡಿಯಲ್ಲಿ ಹೇಳಿದೆ.
ಮೂವರು ‘ಹೌದಾ’ ಅಂದರು,
ಒಬ್ಬ ಗೋಳಿಬಜೆಯ ಎಣ್ಣೆ ಒರೆಸಿ ಎದ್ದು ಹೋದ.

ಡಿಸೆಂಬರಿನಲ್ಲಿ ಅದೇ ಬೆಂಚಿಗೆ
ಕಥೆ ತಿರುಗಿ ಬಂತು, ವಿಠಲ ಕರ್ಕೇರನ ಬಾಯಲ್ಲಿ.
ಚಿಟ್ಟೆ ಈಗ ಹಾವು. ಮೂರು ಮೊಳ.
ಗಡ್ಡೆ ಒಡೆದಾಗ ಬುಸ್ಸೆಂದಿತಂತೆ.
ಕಂಡವನು ಅವನ ಭಾವನಂತೆ, ಪ್ಲಾಂಟು ಗಂಗೊಳ್ಳಿಯದ್ದಂತೆ.
ಸನಾತನ ಇಲ್ಲ. ನಾನಿಲ್ಲ.
ತೆರೆದ ಬಾಯಿ ತೆರೆದ ಹಾಗೇ ಕೇಳುತ್ತಿದ್ದಾರೆ
ಅವತ್ತು ‘ಹೌದಾ’ ಅಂದ ಆ ಮೂವರೇ.

ಬರೆಯುವವರಿಗೆ ಒಳಗಿಂದ ಏನೋ ಕರೆ ಬರುತ್ತದಂತೆ.
ನನಗೆ ಬಂದದ್ದು ಹುಳಿತೇಗು.
ಹೊಟ್ಟೆಕಿಚ್ಚು ಅಂತಲೇ ಬರೆಯುತ್ತೇನೆ,
ಸುಳ್ಳು ಯಾಕೆ.

ಆ ರಾತ್ರಿ, ಎರಡು ಗಂಟೆ,
ಬೋಟಿಲ್ಲದ ಹೊತ್ತು ನೋಡಿ ಪೆನ್ನು ಬಿಚ್ಚಿದೆ.
‘ಅದು ಹಾವಲ್ಲ.’
ಪಂಚಾಯ್ತಿಗೆ ಕೊಟ್ಟ ತಕರಾರಿನಂತೆ ಕಂಡಿತು. ಹೊಡೆದೆ.
‘ಅದೊಂದು ಅದ್ಭುತ ಮುಂಜಾನೆ.’
ಅದ್ಭುತ ಎಲ್ಲಿತ್ತು, ಇದ್ದದ್ದು ಅಮೋನಿಯಾ ವಾಸನೆ.
ಅದನ್ನೂ ಹೊಡೆದೆ.
‘ಅಂಗೈಯಗಲದ ಒಂದು ಚಿಟ್ಟೆ’
ಅಂತ ಬರೆದು ನನ್ನ ಅಂಗೈ ನೋಡಿಕೊಂಡೆ.

ಇಷ್ಟಿರಲಿಲ್ಲ.
ಕಿರುಬೆರಳಿನಷ್ಟು ಇತ್ತು, ಹೆಚ್ಚೆಂದರೆ.
ಚಾದಂಗಡಿಯಲ್ಲಿ ಅವತ್ತು ಅಂಗೈ ಚಾಚಿ ತೋರಿಸಿದ್ದು ನಾನೇ.
ಮೂರು ಮೊಳದ ಹಾವಿಗೆ
ಮೊದಲ ಗೇಣು ಕೊಟ್ಟವನು ನಾನೇ.

ಬಣ್ಣ ಯಾವುದು? ಅದೂ ನೆನಪಿಲ್ಲ.
ಹೇಳಿ ಹೇಳಿ ಸವೆದುಹೋಗಿತ್ತು.

ಕೆಳಗಿಳಿದು ಹೋದೆ. ಗೋಣಿಯ ಮೇಲೆ
ಮಲಗಿದ್ದ ಸನಾತನನನ್ನು ಎಬ್ಬಿಸಿದೆ.
ಕಣ್ಣು ಬಿಡದೆಯೇ ಹೇಳಿದ:
‘ಕೆಂಪು, ಬಾಬು. ಒಂದು ರೆಕ್ಕೆ ತುದಿ ಹರಿದಿತ್ತು.’
ಹೆಸರು ಮತ್ತೊಮ್ಮೆ ಕೇಳಿದೆ.
ಎದ್ದು ಕೂತ.
ನನ್ನ ನಾಲಗೆಯನ್ನು ಮೂರು ಸಲ ತಿದ್ದಿದ.

ಷರಾದಲ್ಲಿ ಹಿಡಿಸಲಿಲ್ಲ.
ಬಾಕಿಯ ಕಾಲಮ್ಮಿನಿಂದಲೇ ಶುರುಮಾಡಿದೆ;
ಸಾಲುಗಳು ಕೆಳಗಿಳಿದು
ಇನ್ನೂ ಬಾರದ ಬೋಟುಗಳ ಜಾಗ ತಿಂದವು.
ಕಿರುಬೆರಳಷ್ಟು ಕೆಂಪು, ಹರಿದ ತುದಿ,
ಇಬ್ಬರು ಕುಕ್ಕುರುಗಾಲಲ್ಲಿ,
ಒಬ್ಬನಿಗೆ ನೆನಪಿತ್ತು.

ಬೆಳಿಗ್ಗೆ ಮ್ಯಾನೇಜರ್ ತಿಂಗಳಾಯರು
ಕನ್ನಡಕ ಹಣೆಗೇರಿಸಿ ಪುಟ ನೋಡಿದರು,
ಇಳಿಸಿ ಮತ್ತೆ ನೋಡಿದರು.
‘ಇದೆಲ್ಲ ಇಲ್ಲಿ ಬರೆದರೆ
ಬಾಕಿ ಎಲ್ಲಿ ಬರೆಯುವುದು ಮಾರಾಯ?’

ನಾನು ಮರುದಿನದ ಪುಟಕ್ಕೆ ಗೆರೆ ಎಳೆಯುತ್ತಿದ್ದೆ,
ಷರಾದ ಕಾಲಮ್ಮು
ಎರಡು ಬೆರಳು ಅಗಲಮಾಡಿ.