ಕಡೆಯ ಓದು

ಹತ್ತೊಂಬತ್ತು ವರ್ಷ
ಈ ಮನೆಗೆ ನಾನು ಹಿತ್ತಿಲಿಂದ ಬಂದವನು.
ಇವತ್ತು ಮುಂಬಾಗಿಲು.
ಜರಿಪೇಟದ ಹುಡುಗ ಹಿತ್ತಾಳೆ ಹಿಡಿ ಎಳೆದು ಬಗ್ಗಿ ನಿಂತ,
ನಾನೂ ಬಗ್ಗಿದೆ.
ಮರ್ಯಾದೆಗಲ್ಲ. ಹಿತ್ತಿಲ ಬಾಗಿಲು ಗಿಡ್ಡ ಇತ್ತು.

ಇದು ನಿವೃತ್ತಿಗೆ ಆಫೀಸಿನವರು ಚಂದಾ ಎತ್ತಿ ಕೊಟ್ಟ ಉಡುಗೊರೆ:
ಒಂದು ರಾತ್ರಿ, ಇಬ್ಬರಿಗೆ, ಬೆಳಗಿನ ತಿಂಡಿ ಸೇರಿ.
ವಾಚು ಕೊಟ್ಟಿದ್ದರೆ ಕಟ್ಟಿಕೊಳ್ಳಬಹುದಿತ್ತು, ಅಂದಳು ಮಾದೇವಮ್ಮ.
ಅಂದವಳೇ ಮದುವೆಯ ಸೀರೆ ತೆಗೆದು
ನುಸಿಗುಳಿಗೆ ವಾಸನೆ ಹೋಗಲೆಂದು
ಎರಡು ದಿನ ನೆರಳಿಗೆ ಹರವಿದ್ದಳು.

ಎಲ್ಲಿಂದ ಬಂದಿರಿ ಸರ್, ಅಂತ ಕೇಳಿತು ಮೇಜಿನ ಹಿಂದಿನ ಮಗು.
ಸಂತೆಪೇಟೆ ಅನ್ನಲು ಯಾಕೋ ನಾಚಿಕೆ,
ಇಲ್ಲಿಗೆ ಆಟೋದಲ್ಲಿ ನಲವತ್ತು ರೂಪಾಯಿ.
ಇಲ್ಲೇ, ಅಂದೆ.
ಅದನ್ನೇ ಬರೆದುಕೊಂಡಿತು.

ಆಗ ಇದು ದೇವಾಜಮ್ಮಣ್ಣಿಯವರ ಮನೆ.
ಮೀಟರು ಇದ್ದದ್ದು ಬಚ್ಚಲ ಗೋಡೆಗೆ, ಸೌದೆ ಒಟ್ಟಿಲ ಮೇಲೆ.
ಹಲ್ಲಿಮೊಟ್ಟೆ ಪಕ್ಕಕ್ಕೆ ಸರಿಸಿ, ಗಾಜು ಒರೆಸಿ ಓದಬೇಕು.
ಹದಿನೆಂಟು ಕೋಣೆಯ ಮನೆಗೆ
ತಿಂಗಳಿಗೆ ಹನ್ನೊಂದು ಯೂನಿಟ್ಟು!
ಮೀಟರು ಕೆಟ್ಟಿದೆ ಅಂತ ಒಮ್ಮೆ ವರದಿ ಬರೆದೆ.
ಪರೀಕ್ಷೆಗೆ ಬಂದವರು ನಕ್ಕರು:
ಮೀಟರು ನೆಟ್ಟಗಿದೆ ಮಾರಾಯ,
ಹದಿನೆಂಟು ಹೋಲ್ಡರಿಗೂ ಅಮ್ಮನ ಹತ್ರ ಇರೋದು ಒಂದೇ ಬಲ್ಬು.
ಸೆರಗಿನಲ್ಲಿ ಹಿಡಿದು ಕಳಚುತ್ತಾರೆ,
ಹೋದ ಕೋಣೆಗೆ ಹಚ್ಚಿಕೊಳ್ಳುತ್ತಾರೆ.

ಒಳಮನೆ ಅಂತ ನಾನು ಕಂಡದ್ದು
ಬಾಗಿಲ ಸಂದಿಯಲ್ಲಿ ಒಂದು ಕಂಬದ ಅರ್ಧ,
ಮಜ್ಜಿಗೆ ಲೋಟ ಹಿಡಿದ, ಬಳೆಯಿಲ್ಲದ ಒಂದು ಕೈ.
ಮುಖ ನೆನಪಿಲ್ಲ. ದನಿ ಇದೆ:
ಎಷ್ಟಾಯ್ತಪ್ಪಾ ಈ ಸಲ?
ಹದಿಮೂರು ಅಂದರೆ ಸ್ವಲ್ಪ ಸುಮ್ಮನಿದ್ದು
ಮಗಳು ಬಂದಿದ್ದಳು, ರಾತ್ರಿ ಓದುತ್ತಾಳೆ, ಅನ್ನುವರು,
ನಾನು ಕೇಳದಿದ್ದರೂ.

ಇವತ್ತು ಆ ಕಂಬದ ಉಳಿದರ್ಧ ನೋಡಿದೆ.
ಹಸಿರು ಬಣ್ಣ ಬಳಿದಿದ್ದಾರೆ, ಪರವಾಗಿಲ್ಲ.

ಕೋಣೆಯಲ್ಲಿ ದೀಪ ಹತ್ತೊಂಬತ್ತು, ಎಣಿಸಿದೆ.
ಏಸಿ ಒಂದೂವರೆ ಟನ್ನು.
ಅಮ್ಮಣ್ಣಿಯವರ ತಿಂಗಳನ್ನು ನಾವು
ನಡುರಾತ್ರಿಯೊಳಗೆ ಮುಗಿಸಿಬಿಡುತ್ತೇವೆ, ಅಂದೆ.
ಇವತ್ತು ಬಿಲ್ಲು ನಿಮ್ಮದಲ್ಲ ಸುಮ್ಮನಿರಿ, ಅಂತ
ಬಚ್ಚಲಿಂದ ಬಂದಳು ಮಾದೇವಮ್ಮ, ಬಿಳಿಯ ದೊಗಳೆ ಅಂಗಿಯಲ್ಲಿ,
ಕಾಂಪೌಂಡರ್ ಥರ ಕಾಣ್ತೀನಾ?
ಎರಡು ಪುಟ್ಟ ಸೋಪು ಆಗಲೇ ಅವಳ ಚೀಲ ಸೇರಿದ್ದವು.

ಭಾನುವಾರ. ಏಳು ಗಂಟೆಗೆ ಮಾಳಿಗೆಯ ಮೇಲೆ
ಎಲ್ಲರೂ ಫೋನು ಎತ್ತಿ ನಿಂತರು. ಅರಮನೆ ಹೊತ್ತಿತು.
ನಾನು ಮಾತ್ರ ಬೆನ್ನು ತಿರುಗಿಸಿ ಸಂತೆಪೇಟೆ ಕಡೆ ನೋಡುತ್ತಿದ್ದೆ.
ಅತ್ತ ಹೊತ್ತಿದಾಗ ನಮ್ಮ ಬೀದಿಯ ಬಲ್ಬು
ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತದೆಂದು ಚಿಕ್ಕಂದಿನಿಂದ ನಂಬಿಕೆ.
ಇಲಾಖೆಯ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.
ಇವತ್ತೂ ಗೊತ್ತಾಗಲಿಲ್ಲ.

ನಿದ್ದೆ ಬಾರದೆ ಎರಡು ಗಂಟೆಗೆ ಕೆಳಗಿಳಿದೆ.
ಬಚ್ಚಲ ಜಾಗ ಈಗ ಎಣ್ಣೆ ತಿಕ್ಕುವ ಕೋಣೆ.
ನಡುಮನೆಯ ಗೋಡೆಗೆ
ಗ್ರಾಮಫೋನಿನ ಕೊಳವೆ, ಆನೆಯ ಗಂಟೆ,
ನಡುವೆ, ಚೌಕಟ್ಟಿನೊಳಗೆ, ನನ್ನ ಮೀಟರು!
ಗಾಜು ಒರೆಸಿದ್ದಾರೆ. ಹಲ್ಲಿಮೊಟ್ಟೆ ಇಲ್ಲ.

ಬಗ್ಗಿ ಓದಿದೆ.
ನಾನು ಬರೆದ ಕಡೆಯ ಅಂಕಿ ಬಾಯಿಪಾಠ: ಏಳು ಮೂರು ಒಂದು ಎಂಟು.
ಅದೇ ತಿಂಗಳು ಅವರು ಹೋದರು.
ಫ್ಯೂಸು ಕೀಳಲು ಬಂದವನು ಓದಲೇ ಇಲ್ಲ,
ನನ್ನ ಅಂಕಿಯನ್ನೇ ಇಳಿಸಿಕೊಂಡ.
ಇಲ್ಲಿ ಏಳು ಮೂರು ಎರಡು ಎರಡು.

ನಾಲ್ಕು ಯೂನಿಟ್ಟು.
ನಲವತ್ತರ ಬಲ್ಬಿಗೆ ನೂರು ಗಂಟೆ.
ಕಳಚುವ ತ್ರಾಣವಿಲ್ಲದೆ
ಒಂದೇ ಕೋಣೆಯಲ್ಲಿ ಬಿಟ್ಟಿದ್ದರೋ,
ಹಗಲೂ ಇರಲಿ ಅನ್ನಿಸಿತ್ತೋ.
ಯಾರ ಪುಸ್ತಕಕ್ಕೂ ಹತ್ತಿಲ್ಲ, ಯಾರೂ ಕಟ್ಟಿಲ್ಲ.

ಮೇಲೆ ಬಂದರೆ ಮಾದೇವಮ್ಮ
ಅಷ್ಟಗಲ ಹಾಸಿಗೆಯ ಒಂದು ಅಂಚಿನಲ್ಲಿ ಮಲಗಿದ್ದಾಳೆ,
ಹತ್ತೊಂಬತ್ತೂ ಉರಿಯುತ್ತಿವೆ.
ದಿಂಬಿನ ಪಕ್ಕ ಸ್ವಿಚ್ಚು ಹದಿನಾಲ್ಕು. ಒತ್ತುತ್ತ ಹೋದೆ.
ಒಂದು ಆರಿದರೆ ಮಂಚದ ಕೆಳಗೆ ಇನ್ನೊಂದು ಹೊತ್ತುತ್ತದೆ.
ಕಡೆಗೂ ಬೀರುವಿನ ಮೇಲಿನದೊಂದು
ಯಾವುದಕ್ಕೂ ಜಗ್ಗಲಿಲ್ಲ.
ಸ್ಟೂಲು ಹಾಕಿದರೆ ಕೈಗೆ ಸಿಗುತ್ತಿತ್ತು.

ಇರಲಿ ಬಿಡು ಅಂದುಕೊಂಡೆ.