ತೂಕದ ಕೋಣೆ, ಕರೆಂಟು ಹೋದ ಮೇಲೆ

ಮಂಡ್ಯದ ಬೆಲ್ಲದ ಯಾರ್ಡು. ರಾತ್ರಿ ಹನ್ನೊಂದೂ ಕಾಲು.
ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು.
ತೂಕದ ಕೋಣೆಯ ಹಳೇ ಡಬ್ಬದೊಳಗೆ
ಇವತ್ತಿನ ಮುನ್ನೂರ ಹನ್ನೆರಡು ಚೀಟಿ.

ಎಕ್ಸ್ಟ್-ಫೋರ್ ಹಳೇ ಗುಮಾಸ್ತ:
ಮೊದಲು ಕಚ್ಚಾ ಪುಸ್ತಕ, ಆಮೇಲೆ ಖಾತೆ.
ಬಿದ್ದರೆ ಎದ್ದು, ಕಚ್ಚಾ ಓದಿಕೊಂಡು, ಬರೆಯುತ್ತಾನೆ.
ಬಟರ್‌ಎಫ್‌ಎಸ್ ಬರೆದದ್ದರ ಮೇಲೆ ಬರೆಯುವವನಲ್ಲ;
ಹೊಸ ಹಾಳೆ ತೆಗೆಯುತ್ತಾನೆ, ನಿನ್ನೆಯದನ್ನೂ ಎಸೆಯುವುದಿಲ್ಲ,
ಬೀರು ತುಂಬಿದಾಗ ಮಾತ್ರ ಮಂಕು ಕವಿಯುತ್ತದೆ.
ಜೆಡ್‌ಎಫ್‌ಎಸ್ಸನ್ನು ಕರೆಯಲಾರೆ:
ಅವನಿಗೆ ಬೀಗರೂಟ ಆಗಬೇಕು, ಇಲ್ಲಿರುವುದು ಎರಡೇ ಜಿಬಿ.

ಎಬ್ಬಿಸುವವರದ್ದು ಬೇರೆ ತಗಾದೆ.
ಸಿಸ್ಟಮ್‌ಡಿ ಎಲ್ಲ ತೂಬನ್ನೂ ಒಟ್ಟಿಗೇ ಎತ್ತುತ್ತದೆ,
ಬೇಗ, ಹೌದು. ಆದರೆ ಲೆಕ್ಕವೂ ಅದರದ್ದೇ, ಬೀಗದಕೈಯೂ ಅದರದ್ದೇ.
ರನ್‌ಇಟ್‌ನದ್ದು ಮಾತು ಕಡಿಮೆ;
ತೂಬಿಗೊಬ್ಬ ಆಳು ನಿಲ್ಲಿಸಿ, ಬಿದ್ದದ್ದನ್ನು ಎತ್ತುತ್ತದೆ,
ಯಾಕೆ ಬಿದ್ದೆ ಅಂತ ಕೇಳುವುದಿಲ್ಲ.
ಕೇಳಬೇಕಿತ್ತೋ ಏನೋ.

ನೀರುಗಂಟಿಯಾಗಿದ್ದ ನಮ್ಮಜ್ಜ ಕೆಂಪಸಿದ್ದಯ್ಯ
ನಾಲೆ ಏರಿಯ ಮೇಲೆ ಟಾರ್ಚು ಹಿಡಿದು ಹೇಳುತ್ತಿದ್ದ:
"ಮೊದ್ಲು ಕೊನೆ ಗದ್ದೆ ನೋಡವ್ವ.
ಮೇಲ್ಗಡೆಯೋನು ಹೆಂಗೋ ಕದ್ಕತಾನೆ."

ಯುಪಿಎಸ್ ಕಿರುಚುವುದು ನಿಂತಿತು. ಡಿಸ್ಕು ತಡವರಿಸಿ ಎದ್ದಿತು.
ಗುಮಾಸ್ತನನ್ನೇ ಇಟ್ಟುಕೊಂಡಿದ್ದೇನೆ, ಆ ಮಾತಿಲ್ಲದ ಆಳನ್ನೂ.
ಡೇಟಾಬೇಸು, ಕಾಟಾ, ಕೊನೆಗೆ ಪ್ರಿಂಟರು,
ಒಂದೊಂದಾಗಿ ಹಸಿರು.
ಎಣಿಸುತ್ತೇನೆ. ಮುನ್ನೂರ ಹನ್ನೊಂದು.

ಕೊನೆಯದು ಕಚ್ಚಾಕ್ಕೂ ಬಂದಿರಲಿಲ್ಲ.

ಹೊರಗೆ ಟ್ರಾಕ್ಟರಿನ ಬಂಪರಿಗೊರಗಿ ಬೀಡಿಯ ಕೆಂಪು.
"ಅಣ್ಣಾ, ನಿಂದೆಷ್ಟು ಬಂತು?"
"ಹದ್ನೆಂಟು ಕ್ವಿಂಟಾಲು, ನಲ್ವತ್ತು ಕೇಜಿ. ಗಾಡಿ ಕಳ್ದು."
ತಿರುಗಿಯೂ ನೋಡಲಿಲ್ಲ.

ಕತ್ತಲಲ್ಲಿ ಪೆನ್ನು ಹುಡುಕುತ್ತೇನೆ.