ಧೂಳಿನ ಸಂಪರ್ಕ

ಮೇಣದ ಅಚ್ಚಿನಲ್ಲಿ ಹಾಲಮ್ಮನ ಎದೆಯೊಳಗಿನ ಪೊರೆ,
ಕಡಲೆಬೇಳೆಯಷ್ಟು.
ಕೂದಲಿಗಿಂತ ತೆಳ್ಳಗೆ ಸೀಳಿ
ಬೆಚ್ಚನೆ ನೀರಿನಲ್ಲಿ ತೇಲಿಬಿಟ್ಟು
ಗಾಜಿನ ಮೇಲೆ ಎತ್ತಿಕೊಳ್ಳುತ್ತೇನೆ, ಉಸಿರು ಬಿಗಿಹಿಡಿದು.
ಇಲ್ಲಿ ಸೀನಿದರೆ ಒಬ್ಬರ ಉತ್ತರವೇ ಹಾರಿಹೋಗುತ್ತದೆ.

ನೀಲಿ ಬಣ್ಣ, ಆಮೇಲೆ ಗುಲಾಬಿ.
ಡಾಕ್ಟರು ಬರುವ ಮೊದಲು ಒಂದು ಸಲ ನಾನೂ ಇಣುಕುತ್ತೇನೆ,
ಹತ್ತೊಂಬತ್ತು ವರ್ಷದ ಚಟ.

ಒಂದು ಕಡೆ ದುಂಡು ಕೋಶಗಳು,
ಮಂಡಕ್ಕಿ ಭಟ್ಟಿಯ ಅಂಗಳದಲ್ಲಿ ಹರವಿದ ಹಾಗೆ
ಮೈಗೆ ಮೈ ತಾಗಿಸಿಕೊಂಡು,
ಒಳ್ಳೆಯ ಪೊರೆಯ ವೇಷ ತೊಟ್ಟವು.
ಇವು ಮಾತ್ರ ಇದ್ದರೆ
"ಒಂದಿಷ್ಟು ದಿನ ಸಿಗುತ್ತೆ" ಅನ್ನುತ್ತಾರೆ ಡಾಕ್ಟರು.

ಗಾಜನ್ನು ಎಳೆಯಷ್ಟು ಸರಿಸಿದೆ.
ಅಲ್ಲಿ ಕದಿರು.
ಎರಡೂ ತುದಿ ಚೂಪು, ನಡು ಉಬ್ಬು,
ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದ ಅದೇ ಕದಿರು,
ಒಂದರ ಬೆನ್ನಿಗೊಂದು ಓಡುತ್ತ
ಯಾವ ಪಾಳಿಯ ಸೈರನ್ನಿಗೂ ನಿಲ್ಲದೆ.

ಡಾಕ್ಟರು ನೋಡಿ ಕನ್ನಡಕ ತೆಗೆದರು.
"ಮೀಸೋಥೀಲಿಯೋಮ. ಮಿಶ್ರ ಜಾತಿ.
ಅರವತ್ತು ದುಂಡು, ನಲವತ್ತು ಕದಿರು.
ಬಂಡಿ ಓಡಿಸೋದು ಆ ನಲವತ್ತೇ."

ಕಾರಿಡಾರಿನಲ್ಲಿ ಗಂಡ ಅಂಜಿನಪ್ಪ,
ಬಾಯ್ಲರ್ ಮನೆಯ ಆವಿಕೊಳವೆಗಳಿಗೆ
ಬಿಳಿ ಹಗ್ಗ ಸುತ್ತಿದವನು, ಇಪ್ಪತ್ತೆರಡು ವರ್ಷ.
ಅವನ ಎಕ್ಸ್‌ರೇ ತಿಳಿಯಾಗಿದೆ.
"ಬೀಡಿ ಸೇದಿದೋನು ನಾನು ಮೇಡಂ,
ಧೂಳು ಕುಡಿದೋನು ನಾನು,
ಆಕಿ ಮಿಲ್ಲಿನ ಗೇಟು ಸೈತ ದಾಟಿಲ್ಲ."

ಕೇಳುವುದು ನನ್ನ ಕೆಲಸವಲ್ಲ, ಆದರೂ ಕೇಳಿದೆ:
ನಿಮ್ಮ ಅಂಗಿ ಯಾರು ಒಗೀತಿದ್ರು?

ಅವನು ಮಾತಾಡಲಿಲ್ಲ. ಬಲಗೈ ಮಾತ್ರ
ಗಾಳಿಯಲ್ಲಿ ಎರಡು ಸಲ ಬೀಸಿತು,
ಹಿತ್ತಲ ಬಾಗಿಲಲ್ಲಿ ನಿಂತು
ಒಗೆಯುವ ಮೊದಲು ಬಟ್ಟೆ ಕೊಡವುವ ಹೆಂಗಸಿನ ಹಾಗೆ.
ಆಮೇಲೆ ಆ ಕೈಯನ್ನೇ ನೋಡುತ್ತ ಕೂತ.

ಒಳಗೆ ಬಂದು ಫಾರಂ ತಿರುವಿದೆ.
ವಯಸ್ಸು ಎಪ್ಪತ್ತೊಂದು. ಊರು ದಾವಣಗೆರೆ.
ಉದ್ಯೋಗ: ಗೃಹಿಣಿ. ಧೂಳಿನ ಸಂಪರ್ಕ: ಇಲ್ಲ.
ಯಾರೋ ಹುಡುಗ ಅವಸರದಲ್ಲಿ ಬರೆದದ್ದು.
"ಇಲ್ಲ" ಹೊಡೆದು ಹಾಕಿದೆ,
ಜಾಗ ಸಾಲದೆ ಹಾಳೆಯ ಅಂಚಿಗೆ ಹೋದೆ:
ಅಂಗಿ. ವಾರಕ್ಕೆ ಆರು.

ಮೇಣದಚ್ಚಿಗೆ ನಂಬರು ಹಾಕಿ ಡ್ರಾಯರಿಗಿಟ್ಟೆ.
ವರ್ಷಗಟ್ಟಲೆ ಇಡುತ್ತೇವೆ ನಾವು,
ಮತ್ತೆ ಯಾರಾದರೂ ಕೇಳಿದರೆ ಇರಲಿ ಅಂತ.
ಮಿಲ್ಲಿದ್ದ ಜಾಗದಲ್ಲಿ ಈಗ ಸೈಟುಗಳು.
ಹಗ್ಗದ ಲೆಕ್ಕ ಅಲ್ಲಿ ಯಾರೂ ಇಟ್ಟಿಲ್ಲ.